ದಂಡ ತೆತ್ತವರು ಯಾರು?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಕಾಲಕ್ಕೆ ನಾವೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ರೇಡಿಯೋ ಲೈಸೆನ್ಸು ಪಡೆಯುತ್ತಿದ್ದೆವು. ಇಲ್ಲಿ ಆ ಪದ್ಧತಿ ನಿಂತುಹೋಯಿತು. ಬ್ರಿಟನ್ನಿನಲ್ಲಿ ಟೆಲಿವಿಷನ್ ಇರುವ ಮನೆಯವರು ಕಟ್ಟುವ ಲೈಸೆನ್ಸಿನ ಹಣದಿಂದಲೇ ಬಿಬಿಸಿಯ ರೇಡಿಯೋ ನಡೆಯುತ್ತದೆ. 2008ರಲ್ಲಿ ಅದು ವರ್ಷಕ್ಕೆ 139 ಪೌಂಡು 50 ಪೆನ್ಸು. ಈ ಹಣದ ಮಾತು ನೆನಪಿರಲಿ.

ಆ ವರ್ಷ ಅಕ್ಟೋಬರ್ 18ರ ರಾತ್ರಿ ರಸೆಲ್ ಬ್ರಾಂಡ್, ಜೊನಾಥನ್ ರಾಸ್ ಎಂಬ ಇಬ್ಬರು ವಿನೋದಗಾರರ ಮಾತು ಬಿಬಿಸಿಯ ರೇಡಿಯೋ 2ರಲ್ಲಿ ಪ್ರಸಾರವಾಯಿತು. 78 ವರ್ಷದ ನಟ ಆಂಡ್ರ್ಯೂ ಸ್ಯಾಕ್ಸ್ ಅವರಿಗೆ ಫೋನು ಮಾಡಿ, ಅವರು ಸಿಗದಿದ್ದಾಗ, ಸಂದೇಶ ಹಿಡಿದಿಡುವ ಯಂತ್ರದಲ್ಲಿ ಅವರ ಮೊಮ್ಮಗಳನ್ನು ಕುರಿತು ಹೇಸಿಗೆಯ ಮಾತಾಡಿದ್ದರು. ತಪ್ಪೇ, ಎರಡು ಮಾತಿಲ್ಲ. ಅದರಲ್ಲಿ ನಗುವಂಥದೇನಿತ್ತೋ ನಮಗಂತೂ ತಿಳಿಯದು.

ಮೊದಲ ವಾರ ಬಂದ ದೂರು ಎರಡೇ. 26ರಂದು 'ಮೇಲ್ ಆನ್ ಸಂಡೆ' ಪತ್ರಿಕೆ ಸುದ್ದಿ ಹಾಕಿತು. ಮಿಕ್ಕ ಪತ್ರಿಕೆಗಳೂ ಕೂಗೆಬ್ಬಿಸಿದವು. ದೂರು 40,000 ದಾಟಿತು! ಕೇಳಿದ ರಾತ್ರಿ ಸುಮ್ಮನಿದ್ದವರೆಲ್ಲ ಎಂಟು ದಿನ ಬಿಟ್ಟು ಸಿಟ್ಟಾದರೆಂದು ನಂಬೋಣವೇ? ಸುದ್ದಿ ಹಾಕಿದ್ದು ತಪ್ಪೆಂದು ನಾವು ಹೇಳೆವು. ಹಾಕದಿದ್ದರೆ ಆ ಹಿರಿಯರಿಗಾದ ಅವಮಾನ ಮುಚ್ಚಿಹೋಗುತ್ತಿತ್ತು. ಆದರೆ ಖಾಸಗಿ ಧಣಿಯ ಪತ್ರಿಕೆಗೆ ಸಿಟ್ಟೂ ಒಂದು ಸರಕು. ಅದರಲ್ಲೂ ಸಾರ್ವಜನಿಕ ಸಂಸ್ಥೆಯ ಮೇಲಿನ ಸಿಟ್ಟಾದರೆ ಕೇಳಬೇಕೆ?

ಬ್ರಾಂಡ್ ರಾಜೀನಾಮೆ ಕೊಟ್ಟರು. ರೇಡಿಯೋ 2ರ ಮುಖ್ಯಸ್ಥೆ ಲೆಸ್ಲಿ ಡಗ್ಲಸ್ ಹೋದರು. ರಾಸ್ ಅವರಿಗೆ 12 ವಾರ ಸಂಬಳವಿಲ್ಲದ ಅಮಾನತು. ತಲೆ ಉರುಳಿದವು, ಪತ್ರಿಕೆಗಳು ತಣ್ಣಗಾದವು.

ಕೂಗಿನಲ್ಲಿ ಮುಳುಗಿದ ಮಾತೊಂದಿದೆ, ಗಿರಣಿಯವರಿಗೆ ಅದು ಬೇಗ ತಿಳಿಯುತ್ತದೆ. ಕಾರ್ಯಕ್ರಮ ನೇರ ಪ್ರಸಾರವಲ್ಲ. ಎರಡು ದಿನ ಮೊದಲೇ ಮುದ್ರಿಸಿಕೊಂಡದ್ದು; ಅಳಿಸಲು ಬೇಕಾದಷ್ಟು ಹೊತ್ತಿತ್ತು. ಅಳಿಸುವವರಾರು? ತಯಾರಿಕೆಯನ್ನು ಗುತ್ತಿಗೆಗೆ ಕೊಟ್ಟಿದ್ದರು, ಅದೂ ಬ್ರಾಂಡ್ ಅವರಿಗೇ ಪಾಲಿದ್ದ ಕಂಪನಿಗೆ. ನೆಯ್ದವನೇ ತನ್ನ ಥಾನಿಗೆ ತಪಾಸಣೆಯ ಮುದ್ರೆ ಒತ್ತಿಕೊಂಡಂತೆ! ಬಿಬಿಸಿಯ ಹಿಡಿತ ಬ್ರಾಂಡ್ ಕಡೆಯವರ ಕೈಗೆ ಹೋಗಿತ್ತೆಂದು ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ವಿಚಾರಣೆ ಮಾಡಿ ಹೇಳಿತು. ಈ ಮಾತಿಗೆ ಯಾರೂ ಬೀದಿಯಲ್ಲಿ ಕೂಗಲಿಲ್ಲ.

2009ರ ಏಪ್ರಿಲ್‌ನಲ್ಲಿ ಆಫ್‌ಕಾಮ್ ಬಿಬಿಸಿಗೆ 1,50,000 ಪೌಂಡು ದಂಡ ಹಾಕಿತು. ಗುತ್ತಿಗೆ ಕಂಪನಿಗೆ ದಂಡವಿಲ್ಲ. ಬಿಬಿಸಿ ಎಲ್ಲಿಂದ ಕೊಟ್ಟೀತು? ಲೈಸೆನ್ಸಿನ ಹಣದಿಂದ, ಹೋಗಿ ಸೇರಿದ್ದು ಸರ್ಕಾರದ ಬೊಕ್ಕಸಕ್ಕೆ. ದೂರು ಕೊಟ್ಟ ಮನೆಯವರೂ, ಆ ರಾತ್ರಿ ರೇಡಿಯೋ ಹಾಕದೆ ಮಲಗಿದ್ದ ಮನೆಯವರೂ ಸೇರಿಯೇ ಅದನ್ನು ತೆತ್ತರು.