ಮಳೆಚಳಿಗೆ ಪುನರ್ಪುಳಿಯ ಕಷಾಯ

(ಕುಟುಂಬ ಕಲ್ಯಾಣ ಸಭೆಯೊಂದರಲ್ಲಿ ವೈದ್ಯಾಧಿಕಾರಿಯವರು ಮಾಡಿದ ಭಾಷಣದ ಪಾಠ)



ಕರಾವಳಿಯವರಾದ ನಮಗೆ ಚಳಿಯು ವರ್ಷಕ್ಕೆ ಎರಡು ಸಲ ಬರುತ್ತದೆ. ಜೂನ್ ತಿಂಗಳಿನಿಂದ ಎಡೆಬಿಡದೆ ಸುರಿಯುವ ಮಳೆಯೊಡನೆ ಬರುವ ಒದ್ದೆ ಚಳಿ ಒಂದು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಮುಂಜಾನೆಯ ಮಂಜಿನೊಡನೆ ಬರುವ ಒಣ ಚಳಿ ಇನ್ನೊಂದು. ಈ ಎರಡೂ ಕಾಲಗಳಲ್ಲಿ ಬಿಸಿಯಾದುದನ್ನು ಕುಡಿಯಬೇಕೆನಿಸುವುದು ಸಹಜ. ಕಾಪುವಿನ ಕಡಲತೀರದಿಂದ ನಸುಕಿನಲ್ಲೇ ಮೀನಿನ ಬುಟ್ಟಿ ಹೊತ್ತು ಹೊರಡುವ ತಾಯಂದಿರು, ಕಾರ್ಕಳದ ಹಳ್ಳಿಗಳಲ್ಲಿ ಜಗಲಿಯ ಮೇಲೆ ಕುಳಿತು ಬೀಡಿ ಕಟ್ಟುವ ಸೋದರಿಯರು, ಉಡುಪಿ ಮಣಿಪಾಲಗಳ ಅಂಗಡಿ ಕಛೇರಿಗಳಿಗೆ ಬಸ್ಸಿನಲ್ಲಿ ಹೋಗಿ ಬರುವವರು, ಇವರೆಲ್ಲರೂ ದಿನಕ್ಕೆ ನಾಲ್ಕೈದು ಲೋಟ ಚಹಾ ಕುಡಿಯುವುದುಂಟು. ಹೊಟ್ಟೆ ಹಸಿದಾಗಲೂ ಚಹಾ, ಊಟವಾದ ಮೇಲೂ ಚಹಾ. ಮನೆಯಲ್ಲಿ ಗರ್ಭಿಣಿ ಇರುವಾಗ ಈ ಅಭ್ಯಾಸದಿಂದ ಏನಾಗುತ್ತದೆ, ಅದರ ಬದಲಿಗೆ ನಮ್ಮ ಹಿತ್ತಿಲೇ ಏನನ್ನು ಕೊಡಬಲ್ಲುದು ಎಂಬುದನ್ನು ಇಂದು ತಮ್ಮ ಮುಂದೆ ಇಡಬಯಸುತ್ತೇನೆ.

ಚಹಾ ಮತ್ತು ರಕ್ತಹೀನತೆ

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತೇವೆ. ಅಂಥವಳಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ತಲೆ ಸುತ್ತುತ್ತದೆ, ಆಯಾಸ ಬಿಡುವುದಿಲ್ಲ. ಮನೆಯವರು ‘ಬಸುರಿಗೆ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಾಗುತ್ತಾರೆ. ಆದರೆ ಹೆರಿಗೆಯ ಸಮಯದಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ಅವಳ ಪ್ರಾಣಕ್ಕೆ ಅಪಾಯ. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಬಹುದು, ತೂಕ ಕಡಿಮೆಯಿರಬಹುದು.

ರಕ್ತವಾಗಲು ಕಬ್ಬಿಣದ ಅಂಶ ಬೇಕು. ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ಹುರುಳಿ, ಬೂತಾಯಿ ಮೀನು ಮೊದಲಾದವುಗಳಲ್ಲಿ ಅದು ಇದೆ. ಆದರೆ ಊಟದೊಡನೆ ಅಥವಾ ಊಟವಾದ ಕೂಡಲೇ ಚಹಾ ಕುಡಿದರೆ, ಅದರಲ್ಲಿರುವ ಒಗರಿನ ಅಂಶವು ಈ ಕಬ್ಬಿಣವನ್ನು ಹಿಡಿದಿಟ್ಟು ದೇಹಕ್ಕೆ ಸೇರಗೊಡುವುದಿಲ್ಲ. ಸೊಪ್ಪು, ಕಾಳುಗಳಿಂದ ದೊರೆಯಬೇಕಾದ ಕಬ್ಬಿಣ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ನಷ್ಟವಾಗಬಹುದು. ಸರಕಾರ ಉಚಿತವಾಗಿ ಕೊಡುವ ಕಬ್ಬಿಣದ ಮಾತ್ರೆಯನ್ನು ಚಹಾದೊಡನೆ ನುಂಗಿದರೂ ಇದೇ ಗತಿ. ಮಾತ್ರೆ ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೆ ಸೇರುವುದು ಸ್ವಲ್ಪವೇ.

ಚಹಾದಲ್ಲಿ ಕೆಫೀನ್ ಎಂಬ ಉತ್ತೇಜಕ ವಸ್ತುವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಪ್ರಕಟಿಸಿದ ಆಹಾರ ಸೂಚನೆಗಳಂತೆ 150 ಮಿಲಿಲೀಟರ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ, ಅಷ್ಟೇ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಚಹಾ, ಕಾಫಿ ಬೇಡ ಎಂದು ಆ ಮಂಡಳಿ ತಿಳಿಸಿದೆ. ಗರ್ಭಿಣಿಯಾದವಳು ಇದಕ್ಕಿಂತಲೂ ಕಡಿಮೆ ಮಾಡುವುದು ಲೇಸು.

ನಮ್ಮ ಹಿತ್ತಿಲಿನ ಹಣ್ಣು

ಚಹಾ ಬಿಡಿ ಎಂದು ಹೇಳಿ ಎದ್ದು ಹೋಗುವುದು ಸುಲಭ. ಮಳೆಯಲ್ಲಿ ನೆನೆದು ಬಂದವನಿಗೆ ಬಿಸಿಯಾದ ಒಂದು ಲೋಟ ಬೇಕೇ ಬೇಕು. ಅದಕ್ಕಾಗಿ ಪೇಟೆಗೆ ಹೋಗಬೇಕಾಗಿಲ್ಲ. ಪಶ್ಚಿಮ ಘಟ್ಟದ ತಪ್ಪಲಿನ ಕಾರ್ಕಳದ ಕಡೆಯ ತೋಟಗಳಲ್ಲಿಯೂ ಕಾಡಂಚಿನಲ್ಲಿಯೂ ಪುನರ್ಪುಳಿಯ ಮರಗಳಿವೆ. ಘಟ್ಟದ ಮೇಲಿನವರು ಇದನ್ನು ಮುರುಗಲು ಎನ್ನುತ್ತಾರೆ. ಬೇಸಗೆಯಲ್ಲಿ ಕೆಂಪಗೆ ಹಣ್ಣಾದಾಗ ಸಿಪ್ಪೆಯನ್ನು ಬಿಡಿಸಿ, ಮಳೆ ಹಿಡಿಯುವ ಮೊದಲೇ ಬಿಸಿಲಿನಲ್ಲಿ ಒಣಗಿಸಿ ಡಬ್ಬಿಯಲ್ಲಿ ತುಂಬಿಡುವುದು ನಮ್ಮ ಹಿರಿಯರ ಕ್ರಮ. ಬೇಸಗೆಯಲ್ಲಿ ಇದರ ತಂಪಾದ ಪಾನಕ ಎಲ್ಲರಿಗೂ ಗೊತ್ತು. ಅದೇ ಸಿಪ್ಪೆಯಿಂದ ಚಳಿಗಾಲಕ್ಕೆ ಬಿಸಿ ಕಷಾಯವನ್ನೂ ಮಾಡಬಹುದು. ಉಡುಪಿಯ ಮನೆಗಳಲ್ಲಿ ಕೊತ್ತಂಬರಿ ಜೀರಿಗೆಯ ಕಷಾಯ ಮೊದಲಿನಿಂದಲೂ ಇದೆ. ಇವೆರಡನ್ನೂ ಕೂಡಿಸಿದರೆ ಹುಳಿ, ಸಿಹಿ, ಖಾರ ಮೂರೂ ಹದವಾಗಿರುವ, ಹಣ್ಣಿನ ರುಚಿಯ ಪಾನೀಯವಾಗುತ್ತದೆ. ಇದರಲ್ಲಿ ಕೆಫೀನ್ ಇಲ್ಲ.

ಮಾಡುವ ಕ್ರಮ

ಗಂಡ ಹೆಂಡತಿ ಇಬ್ಬರಿಗೆ ಆಗುವಷ್ಟು ಅಳತೆ ಹೀಗಿದೆ:

1. ಒಣಗಿದ ಪುನರ್ಪುಳಿ ಸಿಪ್ಪೆ ಆರು ಅಥವಾ ಏಳನ್ನು ತೊಳೆದು, ಅರ್ಧ ಲೋಟ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿರಿ. ನೀರು ಕೆಂಪಾದ ಮೇಲೆ ಸಿಪ್ಪೆಯನ್ನು ಚೆನ್ನಾಗಿ ಹಿಂಡಿರಿ.

2. ಎರಡು ಲೋಟ ನೀರಿಗೆ ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಮತ್ತು ಹೆಬ್ಬೆರಳ ತುದಿಯಷ್ಟು ಶುಂಠಿಯನ್ನು ಜಜ್ಜಿ ಹಾಕಿ, ಐದಾರು ನಿಮಿಷ ಕುದಿಸಿರಿ.

3. ಇಳಿಸುವ ಮುನ್ನ ಪುನರ್ಪುಳಿಯ ರಸವನ್ನೂ ಸ್ವಲ್ಪ ಬೆಲ್ಲವನ್ನೂ ಹಾಕಿ, ಒಂದು ಕುದಿ ಬಂದೊಡನೆ ಸೋಸಿರಿ.

ಇದಕ್ಕೆ ಹಾಲು ಹಾಕಬಾರದು. ಹುಳಿಗೆ ಹಾಲು ಒಡೆಯುತ್ತದೆ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಹುಳಿಯನ್ನು ಕುದಿಸಬಾರದು. ಸ್ಟೀಲಿನ ಅಥವಾ ಮಣ್ಣಿನ ಪಾತ್ರೆ ಒಳ್ಳೆಯದು. ಕೆಲವೆಡೆ ಸಿಪ್ಪೆಯನ್ನು ಉಪ್ಪು ಹಾಕಿ ಒಣಗಿಸುತ್ತಾರೆ. ರಕ್ತದೊತ್ತಡ ಇರುವವರು ಉಪ್ಪಿಲ್ಲದ ಸಿಪ್ಪೆಯನ್ನೇ ಉಪಯೋಗಿಸತಕ್ಕದ್ದು. ಸಕ್ಕರೆ ಕಾಯಿಲೆಯವರು ಬೆಲ್ಲವನ್ನು ಬಿಡಬೇಕು. ಎದೆಯುರಿ, ಹುಳಿತೇಗು ಇರುವವರಿಗೆ ಈ ಹುಳಿ ಒಗ್ಗದಿದ್ದರೆ ಬರೀ ಕೊತ್ತಂಬರಿ ಜೀರಿಗೆಯ ಕಷಾಯ ಸಾಕು.

ಕಷಾಯವು ಮಾತ್ರೆಗೆ ಬದಲಿಯಲ್ಲ

ಪುನರ್ಪುಳಿಯಿಂದಾಗಲಿ ಬೆಲ್ಲದಿಂದಾಗಲಿ ರಕ್ತಹೀನತೆ ವಾಸಿಯಾಗುತ್ತದೆಂದು ಭಾವಿಸಬಾರದು. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ನುಂಗಬೇಕು. ಹೆರಿಗೆಯಾದ ಮೇಲೆ ಪುನಃ 180 ದಿನ ಮುಂದುವರಿಸಬೇಕು. ಮಾತ್ರೆಯನ್ನು ನೀರಿನೊಡನೆ ಅಥವಾ ನಿಂಬೆ ಶರಬತ್ತಿನೊಡನೆ ತೆಗೆದುಕೊಳ್ಳಿರಿ. ಚಹಾವಾಗಲಿ ಕಷಾಯವಾಗಲಿ ಅದಕ್ಕೆ ಒಂದು ಗಂಟೆ ದೂರವಿರಲಿ. ಸುಣ್ಣದಂಶದ ಮಾತ್ರೆಯನ್ನು ಕನಿಷ್ಠ ಎರಡು ಗಂಟೆ ಬಿಟ್ಟು ನುಂಗಿರಿ. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ವಾಕರಿಕೆ ಬಂದರೆ ಮಾತ್ರೆಯನ್ನು ಬಿಸಾಡದೆ, ರಾತ್ರಿ ಮಲಗುವ ಮುನ್ನ ನುಂಗಿ ನೋಡಿರಿ.

ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಪಾಲೆ ಮರದ ಕೆತ್ತೆಯನ್ನು ತಂದು ಕಷಾಯ ಮಾಡಿ ಕುಡಿಯುವ ಸಂಪ್ರದಾಯ ನಮ್ಮಲ್ಲಿದೆ. ಸಂಪ್ರದಾಯವನ್ನು ನಾನು ಹಳಿಯುವುದಿಲ್ಲ. ಆದರೆ ಕತ್ತಲೆಯಲ್ಲಿ ಮರ ಗುರುತಿಸುವುದರಲ್ಲಿ ತಪ್ಪಬಾರದು. ಕಾಸರಕದಂಥ ವಿಷದ ಮರದ ಕೆತ್ತೆ ಬಂದರೆ ಪ್ರಾಣಕ್ಕೇ ಸಂಚಕಾರ. ಮರವನ್ನು ಹಿಂದಿನ ದಿನ ಹಗಲಿನಲ್ಲೇ, ಬಲ್ಲವರಿಂದ ಗುರುತಿಸಿಡಿರಿ. ಗರ್ಭಿಣಿಗೂ ಮೊಲೆಯೂಡಿಸುವ ತಾಯಿಗೂ ಚಿಕ್ಕ ಮಕ್ಕಳಿಗೂ ಆ ಕಷಾಯವನ್ನು ಕೊಡಲೇಬಾರದು.

ಮಕ್ಕಳ ವಿಷಯ

ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೊಂದೇ ಆಹಾರ. ಶೀತವಾಯಿತೆಂದು ಕಷಾಯ, ಜೇನು, ಸಕ್ಕರೆ ನೀರು ಯಾವುದನ್ನೂ ನೆಕ್ಕಿಸಬಾರದು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಕೊಡುವಂತಿಲ್ಲ. ವರ್ಷ ದಾಟಿದ ಮಕ್ಕಳಿಗೆ ಮೆಣಸು ಹಾಕದ ತೆಳು ಕಷಾಯವನ್ನು ಎರಡು ಮೂರು ಚಮಚ ಕೊಡಬಹುದು. ಮಕ್ಕಳಿಗೆ ಚಹಾ ಬೇಡವೇ ಬೇಡ.

ಕೆಮ್ಮು ಇರುವ ಮಗುವಿನ ಉಸಿರನ್ನು ಗಡಿಯಾರ ಇಟ್ಟುಕೊಂಡು ಒಂದು ನಿಮಿಷ ಪೂರ್ತಿ ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40, ಈ ಎಣಿಕೆ ಮುಟ್ಟಿದರೆ ಅಥವಾ ಮೀರಿದರೆ ಅದು ಬರಿಯ ಶೀತವಲ್ಲ, ನ್ಯುಮೋನಿಯಾ ಇರಬಹುದು. ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೇದಿಕೊಂಡರೆ, ಮಗು ಹಾಲು ಕುಡಿಯದಿದ್ದರೆ, ಮಂಕಾಗಿ ಮಲಗಿದರೆ, ಫಿಟ್ಸ್ ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ.

ದೊಡ್ಡವರಿಗೂ ಇದೇ ಮಾತು. ಗದ್ದೆಯ ಕೆಸರಿನಲ್ಲಿ ದುಡಿದವರಿಗೆ ಜ್ವರ ಬಂದು, ಮೀನಖಂಡ ನೋಯುತ್ತ ಕಣ್ಣು ಕೆಂಪಾದರೆ ಅದು ಇಲಿಜ್ವರವಿರಬಹುದು. ಮಳೆಗಾಲದ ಜ್ವರ ಮಲೇರಿಯಾ ಅಥವಾ ಡೆಂಗ್ಯೂ ಕೂಡ ಆಗಿರಬಹುದು. ಇವು ಕಷಾಯಕ್ಕೆ ಬಗ್ಗುವ ರೋಗಗಳಲ್ಲ; ಜ್ವರ ಬಂದೊಡನೆ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಕೆಮ್ಮು ಎರಡು ವಾರ ಮೀರಿದರೆ ಕಫಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಪತಿಯರಿಗೆ ಒಂದು ಮಾತು

ಮನೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿರುವಾಗ ಗರ್ಭಿಣಿ ಒಬ್ಬಳಿಗೇ ಬೇಡವೆಂದರೆ ಅದು ನಡೆಯುವ ಮಾತಲ್ಲ. ಆದುದರಿಂದ ಪತಿಯೂ ಅವಳೊಡನೆ ಕುಳಿತು ಕಷಾಯವನ್ನೇ ಕುಡಿಯಲಿ. ಅವಳು ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ಗಂಜಿ ಉಣ್ಣುವುದರ ಬದಲು, ಸೊಪ್ಪು, ಮೀನುಗಳಲ್ಲಿ ಅವಳ ಪಾಲು ಮೊದಲೇ ತೆಗೆದಿಡಲ್ಪಡಲಿ. ‘ಮಾತ್ರೆ ನುಂಗಿದಿಯಾ?’ ಎಂದು ದಿನವೂ ಕೇಳುವ ಹೊಣೆ ಪತಿಯದು.

ಕೊನೆಯದಾಗಿ, ಒಂದು ಹೆರಿಗೆಯಲ್ಲಿ ಕಳೆದುಕೊಂಡ ರಕ್ತವನ್ನು ತಾಯಿಯ ದೇಹ ತುಂಬಿಕೊಳ್ಳಲು ಕಾಲ ಬೇಕು. ಅದು ತುಂಬುವ ಮೊದಲೇ ಮತ್ತೆ ಬಸಿರಾದರೆ ಮಾತ್ರೆಯೂ ಆಹಾರವೂ ಸಾಲುವುದಿಲ್ಲ. ಒಂದು ಮಗುವಿಗೂ ಇನ್ನೊಂದಕ್ಕೂ ನಡುವೆ ಕನಿಷ್ಠ ಮೂರು ವರ್ಷ ಅಂತರವಿರಲಿ. ಕಾಪರ್-ಟಿ, ಅಂತರ ಚುಚ್ಚುಮದ್ದು, ಛಾಯಾ ಮಾತ್ರೆ, ನಿರೋಧ್ ಇವುಗಳಲ್ಲಿ ತಮಗೆ ಒಪ್ಪುವುದು ಯಾವುದೆಂಬುದನ್ನು ಇಬ್ಬರೂ ಒಟ್ಟಿಗೆ ಬಂದು ಆರೋಗ್ಯ ಕೇಂದ್ರದಲ್ಲಿ ಕೇಳಿರಿ. ಕೇಳಲು ಸಂಕೋಚವೆನಿಸಿದರೆ ತಮ್ಮ ಊರಿನ ಆಶಾ ಕಾರ್ಯಕರ್ತೆಯೊಡನೆ ಮೊದಲು ಮಾತನಾಡಿರಿ.

ಮುಂದಿನ ಬೇಸಗೆಯಲ್ಲಿ ಪುನರ್ಪುಳಿ ಹಣ್ಣಾದಾಗ ಮಳೆಗಾಲಕ್ಕೆಂದು ಒಂದು ಡಬ್ಬಿ ಸಿಪ್ಪೆಯನ್ನು ಒಣಗಿಸಿಡಿರಿ. ಗರ್ಭಿಣಿಯ ರಕ್ತಪರೀಕ್ಷೆಗೆ ಮಾತ್ರ ಯಾವ ಕಾಲಕ್ಕೂ ಕಾಯಬೇಡಿರಿ. ಈ ವಾರವೇ ಮಾಡಿಸಿರಿ.