ಹುದುಗಿನೊಳಗಿನ ಜೀವ

ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯ ಅಂಚಿಗೆ ಉಬ್ಬಿ ಬಂದಿರುತ್ತದೆ. ಉದ್ದಿನಬೇಳೆ, ಅಕ್ಕಿಯ ಜೊತೆಗೇ ಬಂದ ಲ್ಯೂಕೊನಾಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಅನಿಲವನ್ನೂ ಹುಳಿಯನ್ನೂ ಹುಟ್ಟಿಸಿದ ಫಲ ಅದು. ಆದರೆ ಹಬೆಯಲ್ಲಿ ಬೆಂದಾಗ ಅವು ಸಾಯುತ್ತವೆ. ಇಡ್ಲಿಯಲ್ಲಿ ಹುದುಗಿನ ಗುಣ ಉಳಿಯುತ್ತದೆ, ಜೀವ ಉಳಿಯುವುದಿಲ್ಲ.

ಜೀವ ಉಳಿದಿರುವುದು ಮೊಸರಿನಲ್ಲಿ, ಮಜ್ಜಿಗೆಯಲ್ಲಿ. ಇಂಥ ಆಹಾರ ಕರುಳಿಗೆ ಏನು ಮಾಡುತ್ತದೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. 36 ಆರೋಗ್ಯವಂತರು, 10 ವಾರ. ಒಂದು ಗುಂಪಿಗೆ ನಾರಿನಂಶ ಹೆಚ್ಚಿರುವ ಊಟ. ಇನ್ನೊಂದಕ್ಕೆ ಮೊಸರು, ಕೆಫಿರ್, ಕಿಮ್ಚಿಯಂಥ ಹುದುಗಿದ ಆಹಾರ. ಎರಡನೆಯ ಗುಂಪಿನವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ನಾರಿನ ಗುಂಪಿನಲ್ಲಿ ಆ ಇಳಿಕೆ ಕಾಣಲಿಲ್ಲ. ನನಗೆ ಇದು ನಿಜಕ್ಕೂ ಬೆರಗು ಹುಟ್ಟಿಸಿದ ಫಲಿತಾಂಶ.

ಹಾಗೆಂದು ನಾರು ಬೇಡವೆಂದಲ್ಲ. ಕರುಳಿನ ಜೀವಿಗಳಿಗೆ ಸೊಪ್ಪು, ಕಾಳು, ರಾಗಿಯ ನಾರೇ ಆಹಾರ. 36 ಜನರ ಅಧ್ಯಯನ ಚಿಕ್ಕದು. ಅದನ್ನು ತೋರಿಸಿ ಮೊಸರು ಕಾಯಿಲೆಗಳನ್ನೆಲ್ಲ ವಾಸಿ ಮಾಡುತ್ತದೆಂದು ಹೇಳುವವರನ್ನು ದಯವಿಟ್ಟು ನಂಬಬೇಡಿ.

ಮಾಡಬಹುದಾದದ್ದು ಸರಳ. ಮೊಸರನ್ನಕ್ಕೆ ಅನ್ನ ಆರಿದ ಮೇಲೆ ಮೊಸರು ಕಲಸಿ. ಮಜ್ಜಿಗೆಹುಳಿ ಕುದಿಸಿದ ದಿನವೂ ಊಟದ ಕೊನೆಗೆ, ಕಾಯಿಸದ ಒಂದು ಲೋಟ ಮಜ್ಜಿಗೆ ಇರಲಿ.