ಒಂದು ರಾತ್ರಿಯ ಅತಿಥಿ



ಪೇಟೆಯ ಸಣ್ಣ ಹೋಟೆಲುಗಳಲ್ಲಿ ತಂಗಿದ ಅನುಭವವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಬಾನುಲಿಯವರು ಕೇಳಿದಾಗ ನನಗೆ ಮೊದಲು ನಗು ಬಂದಿತು. ನಾನು ಪ್ರವಾಸಿಯಲ್ಲ. ತಾಲ್ಲೂಕು ಕೇಂದ್ರವೊಂದರ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಸಂಧಿಸಮಾಸಗಳನ್ನು ಹೇಳಿಕೊಡುತ್ತ ಬಂದಿರುವ ಕನ್ನಡ ಪಂಡಿತ. ನಾನು ಬೆಂಗಳೂರಿಗೆ ಹೋದದ್ದೆಲ್ಲ ಕೆಲಸವಿದ್ದು, ಬೇರೆ ದಾರಿಯಿಲ್ಲದೆ ಹೋದದ್ದು. ಆದರೆ ಯೋಚಿಸಿ ನೋಡಿದರೆ, ಸಣ್ಣ ಹೋಟೆಲುಗಳಲ್ಲಿ ತಂಗುವವರು ಬಹುಮಟ್ಟಿಗೆ ನನ್ನಂಥವರೇ. ಕೋರ್ಟಿನ ವಾಯಿದೆಗೆ ಬಂದವರು, ಮಗನ ಸೀಟಿಗೆ ಬಂದವರು, ಜವಳಿ ಕೊಳ್ಳಲು ಬಂದವರು, ಆಸ್ಪತ್ರೆಗೆ ಬಂದವರು. ವಿಹಾರಕ್ಕೆಂದು ಬರುವವರು ಬೇರೆ ಕಡೆ ಇಳಿದುಕೊಳ್ಳುತ್ತಾರೆ.

ಮೊದಲು ಪದದ ವಿಚಾರ. ಅದಿಲ್ಲದೆ ನನ್ನ ಬಾಯಿ ಮುಂದಕ್ಕೆ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಹೋಟೆಲು ಎಂದರೆ ಮಲಗುವ ತಾಣ. ನಮ್ಮಲ್ಲಿ ಹೋಟೆಲು ಎಂದರೆ ಇಡ್ಲಿ. ಮಲಗುವ ತಾಣಕ್ಕೆ ನಾವು ಲಾಡ್ಜು ಎನ್ನುತ್ತೇವೆ. ಹೋಟೆಲು, ಹಾಸ್ಟೆಲು, ಹಾಸ್ಪಿಟಲು ಈ ಮೂರೂ ಲ್ಯಾಟಿನ್ನಿನ ‘ಹೋಸ್ಪೆಸ್’ ಎಂಬ ಒಂದೇ ಬೇರಿನಿಂದ ಬಂದವು. ಆ ಮಾತಿಗೆ ಅತಿಥಿ ಎಂಬ ಅರ್ಥವೂ ಉಂಟು, ಆತಿಥ್ಯ ಮಾಡುವವನು ಎಂಬ ಅರ್ಥವೂ ಉಂಟು. ಇನ್ನು ನಮ್ಮ ‘ಅತಿಥಿ’. ಬರುವುದಕ್ಕೆ ತಿಥಿ ಗೊತ್ತಿಲ್ಲದವನು ಅತಿಥಿ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಇನ್ನೂ ಬಿಗಿಯಾದ ಲಕ್ಷಣವಿದೆ: ಒಂದೇ ರಾತ್ರಿ ಇರುವವನು ಮಾತ್ರ ಅತಿಥಿ. ಇಪ್ಪತ್ತನಾಲ್ಕು ಗಂಟೆ ಆಯಿತೆಂದು ಫೋನು ಮಾಡುವ ಲಾಡ್ಜಿನ ಗುಮಾಸ್ತನಿಗೆ ಇಷ್ಟು ದೊಡ್ಡ ಆಧಾರವಿದೆಯೆಂದು ಅವನಿಗೇ ಗೊತ್ತಿರಲಾರದು.

ನಮ್ಮ ತಂದೆಯವರು ಬೆಂಗಳೂರಿಗೆ ಹೋದರೆ ಇಳಿಯುತ್ತಿದ್ದದ್ದು ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರದಲ್ಲಿ. 1903ರಲ್ಲಿ ಆರಂಭವಾದ ಛತ್ರ ಅದು. ಹಾಸಿಗೆಯ ಸುರುಳಿ, ತಂಬಿಗೆ, ಒಂದು ಬೀಗ ಇವಿಷ್ಟನ್ನು ಕಟ್ಟಿಕೊಂಡು ಹೋಗುತ್ತಿದ್ದರು. ಬೀಗವನ್ನೂ ನಾವೇ ಒಯ್ಯಬೇಕಾಗಿತ್ತೆಂಬುದನ್ನು ಇಂದಿನವರು ಗಮನಿಸಬೇಕು. ನನ್ನ ಕಾಲಕ್ಕೆ ಛತ್ರದ ರೂಢಿ ತಪ್ಪಿ ಲಾಡ್ಜು ಬಂದಿತ್ತು. ಬಸ್ಸಿನಿಂದ ಇಳಿದರೆ ಮೆಜೆಸ್ಟಿಕ್ಕು. ಹೆಸರು ಕೊಟ್ಟ ಚಿತ್ರಮಂದಿರ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ನಿಂತಿದೆ. ಬಸ್ಸು ನಿಲ್ದಾಣವಿರುವುದು ಧರ್ಮಾಂಬುಧಿ ಎಂಬ ಕೆರೆಯ ಅಂಗಳದಲ್ಲಿ. ಧರ್ಮದ ಸಮುದ್ರ ಬತ್ತಿಹೋದ ಮೇಲೆ ಅದರ ದಡದ ಗಲ್ಲಿಗಳಲ್ಲಿ ಲಾಡ್ಜುಗಳೆದ್ದವು ಎಂದು ನಾನು ತಮಾಷೆಗೆ ಹೇಳುವುದುಂಟು. ಆ ತಮಾಷೆಯನ್ನು ಈಗ ಅಷ್ಟು ಧೈರ್ಯದಿಂದ ಹೇಳಲಾರೆ. ಕಾರಣ ಮುಂದೆ ಗೊತ್ತಾಗುತ್ತದೆ.

2022ರ ಆಗಸ್ಟಿನಲ್ಲಿ ನನ್ನ ಹೆಂಡತಿಯ ಚಿಕಿತ್ಸೆಗಾಗಿ ಬೆಂಗಳೂರಿಗೆ ಹೋದೆವು. ಯಂತ್ರದ ಕೆಳಗೆ ಮಲಗಿಸಿ ಕಿರಣ ಹಾಯಿಸುವ ಚಿಕಿತ್ಸೆ. ವಾರಕ್ಕೆ ಐದು ದಿನ, ದಿನಕ್ಕೆ ಹತ್ತು ನಿಮಿಷ, ಒಟ್ಟು ಇಪ್ಪತ್ತೈದು ಸಲ. ಆ ಹತ್ತು ನಿಮಿಷಕ್ಕಾಗಿ ಉಳಿದ ದಿನವನ್ನೆಲ್ಲ ಎಲ್ಲಾದರೂ ಕಳೆಯಬೇಕಲ್ಲ? ಗಾಂಧಿನಗರದ ಹಿಂದಿನ ಬೀದಿಯೊಂದರಲ್ಲಿ ಏಳುನೂರು ರೂಪಾಯಿ ಬಾಡಿಗೆಯ ಕೋಣೆ ಸಿಕ್ಕಿತು. ಮೇಲೆ ಎಂಬತ್ತನಾಲ್ಕು ರೂಪಾಯಿ ತೆರಿಗೆ. ಸಾವಿರದೊಳಗಿನ ಕೋಣೆಗೆ ತೆರಿಗೆಯಿಲ್ಲವೆಂದು ಯಾರೋ ಹೇಳಿ ಕಳುಹಿಸಿದ್ದರು. “ಹೋದ ತಿಂಗಳು ಹದಿನೆಂಟರಿಂದ ಬಂತು ಸಾರ್” ಎಂದ ಗುಮಾಸ್ತ. ನಮ್ಮ ಅದೃಷ್ಟ ಒಂದು ತಿಂಗಳು ತಡವಾಗಿತ್ತು.

ಲಾಡ್ಜಿನ ದಾಖಲೆ ಪುಸ್ತಕವನ್ನು ನೀವು ನೋಡಿರುತ್ತೀರಿ. ಹೆಸರು, ತಂದೆಯ ಹೆಸರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಉದ್ದೇಶವೇನು. ವೇದಾಂತಿಗಳು ತಮ್ಮನ್ನು ತಾವು ಕೇಳಿಕೊಳ್ಳುವ ಪ್ರಶ್ನೆಗಳನ್ನೇ ಈ ಪುಸ್ತಕ ಕಾಲು ಅಂಗುಲದ ಕಲಮುಗಳಲ್ಲಿ ಕೇಳುತ್ತದೆ. ‘ಉದ್ದೇಶ’ದ ಕಲಮಿನಲ್ಲಿ ಎಲ್ಲರೂ ಹಿಂದಿನವರು ಬರೆದದ್ದರ ಕೆಳಗೆ ಎರಡು ಗೀಟು ಎಳೆದು ‘ಅದೇ’ ಎಂದು ಸೂಚಿಸುತ್ತಾರೆ. ಆ ಪುಟದ ಮೇಲ್ಗಡೆ ಯಾರೋ ‘ಆಸ್ಪತ್ರೆ’ ಎಂದು ಬರೆದಿದ್ದರು. ಕೆಳಗೆ ಪುಟದುದ್ದಕ್ಕೂ ಗೀಟುಗಳೇ ಇದ್ದವು. ನಾನೂ ಎಳೆದೆ.

ಐದು ವಾರ ಇದ್ದೆವು. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ, ಅದೂ ಮೊದಲನೆಯ ಮಹಡಿಯವರು ಸ್ನಾನ ಮಾಡದಿದ್ದರೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಎಟಕುವಷ್ಟು ಹತ್ತಿರ. ಆ ಸಂದಿಯಲ್ಲಿಯೂ ಒಂದು ಹಗ್ಗ ಕಟ್ಟಿ ನನ್ನವಳು ಸೀರೆ ಒಣಹಾಕಿದಳು. ಕನ್ನಡಿಯ ಅಂಚಿನಲ್ಲಿ ಹಿಂದೆ ಇದ್ದುಹೋದ ಹೆಂಗಸರು ಅಂಟಿಸಿಬಿಟ್ಟ ಕುಂಕುಮದ ಚುಕ್ಕಿಗಳಿದ್ದವು, ಏಳೋ ಎಂಟೋ. “ಎಲ್ಲ ವಾಸಿಯಾಗಿ ಹೋದವರೇ ಇರಬೇಕು” ಎಂದು ಅವಳು ಎಣಿಸುತ್ತಿದ್ದಳು. ಕೊನೆಯ ದಿನ ತನ್ನದನ್ನೂ ತೆಗೆದು ಅಲ್ಲಿ ಅಂಟಿಸಿದಳು.

ನಮ್ಮ ಹಾಗೆಯೇ ಬಂದ ಏಳು ಸಂಸಾರಗಳು ಆ ಮಹಡಿಯಲ್ಲಿದ್ದವು. ಸಂಜೆ ಎಲ್ಲರೂ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕೊಪ್ಪಳದ ಕಡೆಯವರೊಬ್ಬರು ರೊಟ್ಟಿ ಹಂಚುತ್ತಿದ್ದರು, ನಾವು ಚಟ್ನಿಪುಡಿ. ಕಾಯಿಲೆಯ ಮಾತನ್ನು ಯಾರೂ ಆಡುತ್ತಿರಲಿಲ್ಲ. ಅಲ್ಲಿ ಮಾತೆಲ್ಲ ಮಳೆ, ಈರುಳ್ಳಿಯ ಧಾರಣೆ, ಮಕ್ಕಳ ಪರೀಕ್ಷೆ. ನನ್ನಿಂದ ಎರಡು ಮಕ್ಕಳು ವ್ಯಾಕರಣವನ್ನೂ ಹೇಳಿಸಿಕೊಂಡವು.

ಅವಳು ಮಾರನೆಯ ವರ್ಷ ಮಾರ್ಚಿಯಲ್ಲಿ ತೀರಿಕೊಂಡಳು.

ಅದೇ ವರ್ಷ, ಅಂದರೆ 2023ರ ನವೆಂಬರಿನಲ್ಲಿ, ಚಿಕಿತ್ಸೆಯ ಖರ್ಚಿನ ಮರುಪಾವತಿಗಾಗಿ ಒಂದು ಪ್ರಮಾಣಪತ್ರಕ್ಕೆ ವೈದ್ಯರ ಸಹಿ ಬೇಕೆಂದು ನನ್ನ ಕಡತ ಮೂರನೆಯ ಸಲ ಹಿಂದಕ್ಕೆ ಬಂದಿತು. ಕಡತದ ಪುರಾಣವನ್ನು ಇಲ್ಲಿ ಬಿಡುತ್ತೇನೆ. ಕೇಳುವವರಲ್ಲಿ ಸರ್ಕಾರಿ ನೌಕರರೂ ಇರುತ್ತಾರೆ, ಅವರಿಗೆ ಅದು ಕಂಠಪಾಠವಾಗಿರುತ್ತದೆ. ಸಹಿ ಮಾಡಬೇಕಾದವರು ರಜೆಯಲ್ಲಿದ್ದರು, ನಾಳೆ ಬನ್ನಿ ಎಂದರು. ಹೀಗಾಗಿ ಒಂದು ರಾತ್ರಿ ಪಟ್ಟಣದಲ್ಲಿ ಉಳಿಯಬೇಕಾಯಿತು.

ಹಳೆಯ ಲಾಡ್ಜಿಗೆ ಹೋದರೆ ಅದು ಪಿ.ಜಿ. ಆಗಿ ಮಾರ್ಪಟ್ಟಿತ್ತು. ಪೇಯಿಂಗ್ ಗೆಸ್ಟ್, ಅಂದರೆ ದುಡ್ಡು ಕೊಡುವ ಅತಿಥಿ. ವಿರೋಧಾಭಾಸಕ್ಕೆ ಉದಾಹರಣೆಯಾಗಿ ಅಂದಿನಿಂದ ಇದನ್ನೇ ತರಗತಿಯಲ್ಲಿ ಕೊಡುತ್ತಿದ್ದೇನೆ. ಪಕ್ಕದ ಲಾಡ್ಜಿಗೆ ಹೋದೆ. ಮೇಜಿನ ಹಿಂದಿದ್ದವನು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬಾಗಿ ನೋಡಿ, “ಒಬ್ಬರೇನಾ?” ಎಂದ. ಹೌದೆಂದೆ. “ರೂಮಿಲ್ಲ.” ಅವನ ಬೆನ್ನ ಹಿಂದಿನ ಹಲಗೆಯಲ್ಲಿ ಬೀಗದಕೈಗಳು ಸಾಲಾಗಿ ತೂಗುತ್ತಿದ್ದವು. ಎರಡನೆಯ ಕಡೆಯೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯವನು ಸ್ವಲ್ಪ ಪ್ರಾಮಾಣಿಕ: “ಫ್ಯಾಮಿಲಿ ಇದ್ದರೆ ಕೊಡುತ್ತೇವೆ ಸಾರ್, ಒಬ್ಬರಿಗೆ ಕೊಡುವುದಿಲ್ಲ.” ಫ್ಯಾಮಿಲಿ ಎಲ್ಲಿದೆಯೆಂದು ಅವನಿಗೆ ಹೇಳುವ ಮನಸ್ಸು ನನಗಾಗಲಿಲ್ಲ.

ಐವತ್ತು ದಾಟಿದ, ಕೈಯಲ್ಲಿ ಕೊಡೆ ಹಿಡಿದ ಉಪಾಧ್ಯಾಯನಲ್ಲಿ ಇವರಿಗೆ ಕಂಡ ಅಪಾಯವಾದರೂ ಏನು? ಕಳ್ಳನಂತೆ ಕಂಡೆನೇ? ನನಗೆ ಅರ್ಥವಾಗಲಿಲ್ಲ. ನಮ್ಮ ಶಾಲೆಯ ಅಧ್ಯಾಪಿಕೆಯೊಬ್ಬರು ತರಬೇತಿಗೆಂದು ಒಬ್ಬರೇ ಹೋದಾಗ, ಗಂಡನ ಫೋನು ನಂಬರು ಕೊಟ್ಟರಷ್ಟೇ ಕೋಣೆಯೆಂದು ನಿಲ್ಲಿಸಿಕೊಂಡಿದ್ದರಂತೆ. ಅದನ್ನು ಕೇಳಿ ನಾನು ಅಂದು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆ ಸಂಜೆ ಬೀದಿಯಲ್ಲಿ ನಿಂತಾಗ ಅವರ ನೆನಪಾಗಿ ನಾಚಿಕೆಯಾಯಿತು.

ನಾಲ್ಕನೆಯದು ಗಲ್ಲಿಯ ಕೊನೆಯಲ್ಲಿದ್ದ ಮೂರು ಮಹಡಿಯ ಕಟ್ಟಡ. ಮ್ಯಾನೇಜರು ಕರಾವಳಿಯ ಕಡೆಯ ವೃದ್ಧರು. ಅವರೂ “ಒಬ್ಬರೇನಾ?” ಎಂದರು. ಆಮೇಲೆ “ಊಟವಾಯಿತಾ?” ಎಂದರು. ಯಾವ ಕೆಲಸಕ್ಕೆ ಬಂದಿರಿ, ಮನೆಯಲ್ಲಿ ಯಾರಿದ್ದಾರೆ ಎಂದೆಲ್ಲ ಕೇಳಿ, ನನ್ನ ಮಗಳ ನಂಬರು ತೆಗೆದುಕೊಂಡು ನನ್ನೆದುರಿಗೇ ಫೋನು ಮಾಡಿ, “ನಿಮ್ಮ ತಂದೆ ನಮ್ಮಲ್ಲಿ ಇಳಿದಿದ್ದಾರಮ್ಮ” ಎಂದರು. ಹುಡುಗರ ತಂದೆಯನ್ನು ಶಾಲೆಗೆ ಕರೆಸಿ ರೂಢಿಯಾದ ನನಗೆ ಆ ಕ್ಷಣದಲ್ಲಿ ಹಲಗೆಯ ಮೇಲೆ ನಿಲ್ಲಿಸಿದಂತಾಯಿತು. ಆದರೆ ಬೀಗದಕೈ ಕೊಟ್ಟರು. ‘ಉದ್ದೇಶ’ದ ಕಲಮಿನಲ್ಲಿ ಏನು ಬರೆಯಲೆಂದು ತೋಚದೆ ‘ಸಹಿ’ ಎಂದು ಬರೆದೆ.

ಕೋಣೆ ಮೊದಲನೆಯ ಮಹಡಿಯಲ್ಲಿ, ಮೆಟ್ಟಿಲಿಗೆ ಅಂಟಿಕೊಂಡಿದ್ದಿತು. ಒಳಗಿನ ಅಗುಳಿ ಇರಲಿಲ್ಲ. ಇದ್ದ ಜಾಗದಲ್ಲಿ ನಾಲ್ಕು ತೂತು ಮಾತ್ರ. ಮೇಲಿನ ಮಹಡಿಯಲ್ಲಿ ಗಾಳಿಯ ಕೋಣೆ ಖಾಲಿಯಿದೆಯಲ್ಲ ಎಂದರೆ, “ಇದೇ ಚೆನ್ನಾಗಿದೆ ಸಾರ್” ಎಂದರು. ಎಂಟೂವರೆಗೆ ಬಾಗಿಲು ತಟ್ಟಿದ ಸದ್ದು. ಇಪ್ಪತ್ತರ ಒಬ್ಬ ಹುಡುಗ, ಅಸ್ಸಾಮಿನವನಂತೆ, ನೀರಿನ ಹೂಜಿ ತಂದಿದ್ದ. ಹತ್ತಕ್ಕೆ ಮತ್ತೆ ಬಂದ, ಸೊಳ್ಳೆಬತ್ತಿ. ಹನ್ನೊಂದೂವರೆಗೆ ಮತ್ತೆ: “ಫ್ಯಾನ್ ಸರಿ ಇದೆಯಾ?” ಫ್ಯಾನು ತಿರುಗುತ್ತಿರುವುದು ಅವನಿಗೇ ಕಾಣುತ್ತಿತ್ತು. ನನಗೆ ಸಿಟ್ಟು ಬಂದಿತು. ಕೊಟ್ಟ ಹಣಕ್ಕೆ ನಿದ್ದೆಯಾದರೂ ಬೇಡವೇ ಎಂದು ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಬೈದೆ. ಅವನಿಗೆ ಅರ್ಧವೂ ತಿಳಿದಂತೆ ಕಾಣಲಿಲ್ಲ. ಎಲ್ಲ ಕೇಳಿಸಿಕೊಂಡು, ಮೇಜಿನ ಮೇಲೆ ನಾನು ತಂದಿಟ್ಟು ಬಿಚ್ಚದೇ ಇದ್ದ ಪೊಟ್ಟಣದ ಕಡೆ ನೋಡಿ, “ನೀನು ಊಟ ಮಾಡಿಲ್ಲ” ಎಂದ.

ಹೊರನಾಡಿನ ಹುಡುಗರಿಗೆ ಕನ್ನಡದ ಬಹುವಚನ ಬೇಗ ಹತ್ತುವುದಿಲ್ಲ. ತಿದ್ದಬೇಕೆಂದು ಬಾಯಿ ತೆರೆದೆ, ವೃತ್ತಿಯ ಚಾಳಿ. ನಮ್ಮ ತಾಯಿ ಹೋದ ಮೇಲೆ ನನ್ನನ್ನು ಏಕವಚನದಲ್ಲಿ ಊಟದ ಮಾತು ಕೇಳಿದವರು ಯಾರೂ ಇರಲಿಲ್ಲ. ತಿದ್ದಲಿಲ್ಲ. ಅವನು ಬಾಗಿಲಲ್ಲಿಯೇ ನಿಂತಿದ್ದ. ಪೊಟ್ಟಣ ಬಿಚ್ಚಿ, ತಣ್ಣಗಾಗಿದ್ದ ಚಪಾತಿಯನ್ನು ಅವನೆದುರಿಗೇ ತಿಂದೆ. ಅವನೂ ಒಂದು ತಿಂದ. ಊರಿನಲ್ಲಿ ಬ್ರಹ್ಮಪುತ್ರೆ ಪ್ರತಿವರ್ಷ ಮನೆಯಂಗಳಕ್ಕೆ ಬರುವುದನ್ನು ಕೈಯಿಂದ ಅಳತೆ ತೋರಿಸಿ ಹೇಳಿದ, ಇಷ್ಟು, ಇಷ್ಟು ಎಂದು. ಆಮೇಲೆ ನೋಡಿದರೆ ಅವನ ಚಾಪೆ ನನ್ನ ಬಾಗಿಲಿನ ಹೊರಗೆ ಮೆಟ್ಟಿಲ ಬಳಿ ಹಾಸಿತ್ತು. ಬೆಳಿಗ್ಗೆ ಐದಕ್ಕೆ ಚಹಾ ತಂದು ಮತ್ತೆ ತಟ್ಟಿದ.

ಲೆಕ್ಕ ಚುಕ್ತಾ ಮಾಡುವಾಗ ದಾಖಲೆ ಪುಸ್ತಕ ನನ್ನ ಕಡೆಗೆ ತಿರುಗಿತ್ತು. ನನ್ನ ಹೆಸರಿನ ಎದುರು ಅಂಚಿನಲ್ಲಿ ಸೀಸದಕಡ್ಡಿಯಿಂದ ಸಣ್ಣಗೆ ಬರೆದಿದ್ದರು: ‘ಒಬ್ಬರೇ. ನೋಡಿಕೊಳ್ಳುವುದು.’ ನಾನು ಓದಿದ್ದನ್ನು ಮ್ಯಾನೇಜರು ಕಂಡರು. “ತಪ್ಪು ತಿಳಿಯಬೇಡಿ. ಎರಡು ವರ್ಷದ ಹಿಂದೆ ಮೇಲಿನ ಮಹಡಿಯಲ್ಲಿ ಒಬ್ಬರು ಬಂದು ಇಳಿದಿದ್ದರು, ನಿಮ್ಮ ಹಾಗೆಯೇ ಸಭ್ಯರು...” ಎಂದು ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ, “ಪೋಲೀಸು, ಪಂಚನಾಮೆ ಅದೆಲ್ಲ ಬಿಡಿ. ಆ ದಿನ ರಾತ್ರಿ ಯಾರಾದರೂ ಒಂದು ಸಲ ಬಾಗಿಲು ತಟ್ಟಿದ್ದರೆ ಎಂದು ನನಗೆ ಈಗಲೂ ನಿದ್ದೆ ಬರುವುದಿಲ್ಲ” ಎಂದರು.

ಆಗ ನನಗೆ ಹಿಂದಿನ ಮೂರು ಲಾಡ್ಜುಗಳ ಮಾತೂ ತಿಳಿಯಿತು. ಅವರಿಗಿದ್ದುದೂ ಇದೇ ಭಯ. ವ್ಯಾಪಾರ ಕೆಡುವ ಭಯ ಸುಳ್ಳೆಂದು ಹೇಳಲಾರೆ. ಆದರೆ ಭಯಕ್ಕೆ ಅವರು ಕಂಡುಕೊಂಡ ದಾರಿ ಬಾಗಿಲು ಹಾಕುವುದು. ಹಾಗೆ ಹೊರಗುಳಿದವನ ದುಃಖವೇನೂ ಕಡಮೆಯಾಗುವುದಿಲ್ಲ. ಅದು ಬೇರೆ ಬೀದಿಗೆ ಹೋಗುತ್ತದೆ, ಅಷ್ಟೆ. ಈ ವೃದ್ಧರು ಅಗುಳಿ ಕಿತ್ತು ಬಾಗಿಲು ತೆರೆದಿದ್ದರು.

ಆ ರಾತ್ರಿ ನನ್ನ ಮನಸ್ಸಿನಲ್ಲಿ ಅಂಥ ಯೋಚನೆಯೇನೂ ಇರಲಿಲ್ಲ. ಇರಲಿಲ್ಲವೆಂದೇ ಹೇಳುತ್ತೇನೆ. ಆದರೆ ಊಟದ ಪೊಟ್ಟಣ ತಂದು ಮೂರು ಗಂಟೆ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದದ್ದು ನಿಜ. ಎಂಟು ತಿಂಗಳಿನಿಂದ ಹಾಗೆ ಕುಳಿತಿರುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಊರಿಗೆ ಹಿಂತಿರುಗಿದ ಮೇಲೆ ಮಗಳು ಒತ್ತಾಯ ಮಾಡಿ ತನ್ನ ಮನೆಗೆ ಒಂದು ತಿಂಗಳು ಕರೆದೊಯ್ದಳು. ಮ್ಯಾನೇಜರು ಫೋನಿನಲ್ಲಿ ಅವಳಿಗೆ ಮತ್ತೇನು ಹೇಳಿದ್ದರೋ, ಅವಳು ಹೇಳಿಲ್ಲ, ನಾನು ಕೇಳಿಲ್ಲ.

2025ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಅಲ್ಲಿಯೇ ಇಳಿದೆ. ಸೆಪ್ಟೆಂಬರ್ 22ರಿಂದ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದಿದ್ದಿತು, ಬಾಡಿಗೆ ಏರಿದ್ದಿತು, ಲೆಕ್ಕ ಮೊದಲಿನಂತೆಯೇ ಆಯಿತು. ವೃದ್ಧರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಅಸ್ಸಾಮಿನ ಹುಡುಗ ಕೊಯಮತ್ತೂರಿಗೆ ಹೋದನೆಂದು ಕೆಲವರು, ಊರಿಗೇ ಹೋದನೆಂದು ಕೆಲವರು ಹೇಳಿದರು. ಈ ಸಲ ನಮ್ಮ ಶಾಲೆಯ ಗಣಿತದ ಮೇಷ್ಟ್ರು ಜೊತೆಗಿದ್ದರು. ಎರಡನೆಯ ಮಹಡಿಯಲ್ಲಿ ಗಾಳಿಯ ಕೋಣೆ ಕೊಟ್ಟರು, ಗಟ್ಟಿಯಾದ ಅಗುಳಿಯೂ ಇತ್ತು. ಮೇಷ್ಟ್ರು ಮಲಗಿದೊಡನೆ ಗೊರಕೆ ಹೊಡೆದರು. ನಾನು ಹನ್ನೊಂದೂವರೆಯವರೆಗೆ ಎಚ್ಚರವಿದ್ದೆ. ಇಬ್ಬರಿದ್ದೆವಲ್ಲ, ಬಾಗಿಲು ಯಾರೂ ತಟ್ಟಲಿಲ್ಲ.